ಭೀಮಶ್ಯಾನ ಕಿವಿ ಮತ್ತು ಗಾರ್ಡ್ ಸಾಹೇಬರ ಕೋಲು

ವಾಡಿ ಜಂಕ್ಷನ್ನಿನಲ್ಲಿ ಇನ್ನೂ ಕಲ್ಲಿದ್ದಲಿನ ಎಂಜಿನ್ನುಗಳು ಓಡುತ್ತಿದ್ದ ಕಾಲದ ಮಾತು. ಸ್ಟೇಷನ್ನಿನಾಚೆ, ಬೇವಿನ ಮರಗಳ ಸಾಲು ಮುಗಿಯುವಲ್ಲಿ ಒಂದು ಕ್ಲಬ್ಬಿತ್ತು. ಕ್ಲಬ್ಬಿನಲ್ಲಿ ಹಸಿರು ಬಟ್ಟೆ ಹೊದ್ದ ಬಿಲಿಯರ್ಡ್ಸ್ ಮೇಜು, ಆ ಮೇಜಿಗೊಬ್ಬ ಮಾರ್ಕರ್. ಅವನೇ ಭೀಮಶ್ಯಾ. ಆಟದ ಅಂಕ ಹೇಳುವುದು, ಚೆಂಡು ಒರೆಸುವುದು, ಚೆಂಡು ಹೊಡೆಯುವ ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವುದು ಅವನ ನೌಕರಿ. ಆದರೆ ಶಹಾಬಾದಿನಿಂದ ಸೇಡಂವರೆಗೆ ಅವನ ಹೆಸರು ಹಬ್ಬಿದ್ದು ನೌಕರಿಯಿಂದಲ್ಲ, ಕಿವಿಯಿಂದ.

ಆಗಿನ ಸಾಹೇಬರಿಗೆ ಆಟದ ಹುಚ್ಚು ಭಾರಿ. ಕ್ಲಬ್ಬಿನ ಗೋಡೆಗೆ ನಿಲ್ಲಿಸಿದ ಕೋಲು ಅವರ ಕೈಗೆ ಸೇರುತ್ತಿರಲಿಲ್ಲ. ಸಿಕಂದರಾಬಾದಿಗೆ ಹೋಗಿ, ತಮ್ಮ ಎತ್ತರಕ್ಕೆ, ತಮ್ಮ ಹಿಡಿತಕ್ಕೆ ಅಳತೆ ಕೊಟ್ಟು, ಬುಡಕ್ಕೆ ಬೀಟೆ ಕಟ್ಟಿಗೆ ಕೂಡಿಸಿ ಕೋಲು ಮಾಡಿಸಿಕೊಂಡು ಬರುತ್ತಿದ್ದರು. ಮಗಳ ಮದುವೆಗೆ ಪತ್ತಲದ ಸೀರೆ ಆರಿಸಲಿಕ್ಕೂ ಅಷ್ಟು ಸಲ ಓಡಾಡಿದ್ದು ಸುಳ್ಳು. ವರ್ಗವಾದಾಗಲೋ ಪಿಂಚಣಿಯಾದಾಗಲೋ ಅದೇ ಕೋಲು ಮಾರಾಟಕ್ಕೆ ಬರುತ್ತಿತ್ತು. ಮಾರುವವರು ನೂರು ಹೇಳಲಿ, ಇನ್ನೂರು ಹೇಳಲಿ, ಕೊಳ್ಳುವವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಭೀಮಶ್ಯಾ ಏನಂತಾನ?"

ಭೀಮಶ್ಯಾನ ಪರೀಕ್ಷೆ ನೋಡುವಂಥದ್ದು. ಒಂದು ಕಣ್ಣು ಮುಚ್ಚಿ, ಕಿಟಕಿಯ ಬೆಳಕಿಗೆ ಕೋಲು ಹಿಡಿದು ತುದಿಯಿಂದ ಬುಡದವರೆಗೆ ನೋಡುತ್ತಿದ್ದ. ಮೇಜಿನ ಮೇಲೆ ಉರುಳಿಸಿ ಅಡಿಯಲ್ಲಿ ಬೆಳಕು ಇಣುಕುತ್ತದೋ ಎಂದು ಬಗ್ಗಿ ನೋಡುತ್ತಿದ್ದ. ಒಂದೇ ಬೆರಳ ಮೇಲೆ ಮಲಗಿಸಿ ತೂಕ ನೋಡುತ್ತಿದ್ದ. ನಾಲ್ಕು ಚೆಂಡು ಹೊಡೆಯುತ್ತಿದ್ದ. ಕಡೆಗೆ ಕೋಲನ್ನು ನೆಟ್ಟಗೆ ಹಿಡಿದು, ಬುಡವನ್ನು ಎರಡು ಬೆರಳಷ್ಟು ಎತ್ತಿ ಕೋಣೆಯ ಕಲ್ಲುಹಾಸಿನ ಮೇಲೆ ಬಿಡುತ್ತಿದ್ದ. ಕಟ್ಟಿಗೆಗೆ ಕಟ್ಟಿಗೆ ಬಿಗಿಯಾಗಿ ಕೂಡಿದ್ದರೆ ಠಣ್ ಎಂದು ಒಂದೇ ಸದ್ದು. ಒಳಗೆ ಕೂಡು ಸಡಿಲಾಗಿದ್ದರೆ ಗೊರಕೆಯಂಥ ಸದ್ದು. ಗೊರಕೆ ಹೊಡೆಯುವ ಕೋಲಿನಲ್ಲಿ ಚೆಂಡು ಹೇಳಿದ ಮಾತು ಕೇಳುವುದಿಲ್ಲ, ಅದನ್ನು ಯಾರೂ ಎರಡನೇ ಸಲ ಕೊಳ್ಳುವುದೂ ಇಲ್ಲ.

ಈ ಕಿವಿ ಅವನಿಗೆ ಬಂದದ್ದು ಶಹಾಬಾದಿನ ಕಲ್ಲುಗಣಿಯಿಂದ. ಅವನ ಅಪ್ಪ, ಅಜ್ಜ ಇಬ್ಬರೂ ಕಲ್ಲು ಎಬ್ಬಿಸುವವರು. ಸುತ್ತಿಗೆಯಿಂದ ಬಡಿದು, ಸದ್ದಿನ ಮೇಲೆ ಬಂಡೆಯ ಬಿರುಕು ಹೇಳುವವರು. ಅವರ ಮಗ ಕಲ್ಲು ಬಿಟ್ಟು ಕಟ್ಟಿಗೆ ಹಿಡಿದ. ಸಾಹೇಬರ ಮುಂದೆ ಕೈಕಟ್ಟಿ ನಿಲ್ಲುತ್ತಿದ್ದ ಭೀಮಶ್ಯಾ, ಕೋಲು ಕೈಗೆ ಬಂತೆಂದರೆ ಬೇರೆಯೇ ಮನುಷ್ಯ. ಆಗ ಸಾಹೇಬರು ಉಸಿರು ಬಿಗಿಹಿಡಿದು ಅವನ ಮುಖ ನೋಡಬೇಕಾಗುತ್ತಿತ್ತು. ಆ ಗಳಿಗೆಯ ರುಚಿ ಅವನಿಗೆ ಹತ್ತಿತ್ತು, ಸುಳ್ಳೇಕೆ ಹೇಳಬೇಕು. ಬರಬರುತ್ತ ಅವನು ಉರುಳಿಸುವುದನ್ನೂ ಹೊಡೆಯುವುದನ್ನೂ ಬಿಟ್ಟು, ಒಂದು ಬಡಿತದಲ್ಲೇ ತೀರ್ಪು ಕೊಡಲಿಕ್ಕೆ ಹತ್ತಿದ. ಜನ ಬೆರಗಾದಷ್ಟೂ ಅವನು ಬೀಗಿದ.

ಅರವತ್ತನಾಲ್ಕರ ಬೇಸಿಗೆಯಲ್ಲಿ ಚಿತ್ತಾಪುರದಿಂದ ಲಲಿತಾಬಾಯಿ ಬಂದಳು. ಗಂಡ ನಾಮದೇವ ಸೊಲ್ಲಾಪುರದ ಕಡೆ ರೈಲ್ವೆ ಗಾರ್ಡ್ ಆಗಿದ್ದವರು, ತೀರಿಕೊಂಡು ವರ್ಷವಾಗಿತ್ತು. ಅವಳು ತವರಿಗೆ ಮರಳಿದ್ದಳು. ಜೊತೆಗೆ ಹಳೆಯ ಧೋತರದಲ್ಲಿ ಸುತ್ತಿದ ಒಂದು ಕೋಲು. ಶಹಾಬಾದಿನ ಒಬ್ಬ ಗಣಿ ಮಾಲಕ ನೂರೈವತ್ತಕ್ಕೆ ಕೊಳ್ಳಲು ಒಪ್ಪಿದ್ದ, ಭೀಮಶ್ಯಾ ಹೂಂ ಅಂದರೆ ಮಾತ್ರ. ಆ ದುಡ್ಡಿಗೆ ಒಂದು ಹೊಲಿಗೆ ಮಷೀನು ಬರುತ್ತಿತ್ತು. ಅದು ಬಂದರೆ ಅವಳು ಅಣ್ಣನ ಮನೆಯಲ್ಲಿ ತನ್ನ ಅನ್ನ ತಾನು ಉಣ್ಣಬಹುದಿತ್ತು.

ಒಳಗೆ ಆಟ ನಡೆದಿತ್ತು. ಹೆಂಗಸರು ಆ ಕೋಣೆಗೆ ಬರುವ ಪದ್ಧತಿ ಇರಲಿಲ್ಲ. ಲಲಿತಾಬಾಯಿ ಸೆರಗು ಹೊದ್ದು ವರಾಂಡದಲ್ಲೇ ನಿಂತಿದ್ದಳು. ಬಿಸಿಲಿನಲ್ಲಿ ಬಂದವಳನ್ನು ಎಷ್ಟು ಹೊತ್ತು ನಿಲ್ಲಿಸುವುದು ಎಂದು ಭೀಮಶ್ಯಾ ಅಲ್ಲಿಯೇ ಗಂಟು ಬಿಚ್ಚಿದ.

"ನಮ್ಮವರು ಇದನ್ನ ಮಾಡ್ಸಾಕ ಆರು ತಿಂಗಳ ತಿರುಗ್ಯಾರ, ಅಣ್ಣಾ. ಇದ್ರಂಥಾದ್ದು ಇನ್ನೊಂದಿಲ್ಲಂತ ಹೇಳ್ತಿದ್ರು," ಅಂದಳು ಅವಳು.

"ಎಲ್ಲಾರೂ ಹಂಗೇ ಅಂತಾರ್ರಿ ಅಕ್ಕಾರ," ಎಂದು ನಕ್ಕು, ಅವನು ಕೋಲನ್ನು ವರಾಂಡದ ಕಲ್ಲಿನ ಮೇಲೆ ಬಿಟ್ಟ. ಗೊರ್ ಎಂದಿತು. ಮತ್ತೊಮ್ಮೆ ಬಿಟ್ಟ. ಮತ್ತೆ ಅದೇ.

"ಒಳಗ ಕೂಡು ಬಿಟ್ಟದ್ರಿ. ಮ್ಯಾಲೆ ಚಂದ ಕಾಣ್ತದ, ಆಡಾಕ ಬರಾಂಗಿಲ್ಲ. ಮಾಡಿದಾಂವ ಗಾರ್ಡ್ ಸಾಹೇಬ್ರಿಗಿ ಟೋಪಿ ಹಾಕ್ಯಾನ."

ಅವಳು ಕೋಲನ್ನು ಧೋತರದಲ್ಲಿ ಸುತ್ತಿಕೊಂಡು ಸ್ಟೇಷನ್ನಿನ ಕಡೆ ನಡೆದಳು. ಭೀಮಶ್ಯಾ ಒಳಗೆ ಹೋಗಿ ಅಂಕ ಹೇಳುತ್ತ ನಿಂತ. ಅವತ್ತು ಅವನಿಗೆ ಊಟ ಸೇರಿತು, ನಿದ್ದೆಯೂ ಬಂತು.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಮುಂಜಾನೆ ಕ್ಲಬ್ಬಿನ ಬೀಗ ತೆಗೆಯಲು ಅವನು ಕೈಯಲ್ಲಿದ್ದ ಕೋಲನ್ನು ವರಾಂಡದಲ್ಲಿ ಊರಿದ. ಅದು ಕ್ಲಬ್ಬಿಗೆ ಆಡಲು ಬರುವ ಡಾಕ್ಟರ್ ಸಾಹೇಬರದು. ಬಿಲ್ಲೆ ಅಂಟಿಸಲೆಂದು ಮನೆಗೆ ಒಯ್ದಿದ್ದ. ಇಡೀ ವಾಡಿಯಲ್ಲೇ ಅದಕ್ಕೆ ಸಾಟಿಯಿಲ್ಲ ಎಂದು ಅವನೇ ಹೇಳಿದ್ದ. ಅದೂ ಗೊರ್ ಎಂದಿತು.

ಭೀಮಶ್ಯಾ ಗಡಬಡಿಸಿ ಬೀಗ ತೆಗೆದ. ಒಳಗೆ ಓಡಿ ಅದೇ ಕೋಲು ಬಡಿದ. ಠಣ್. ಹೊರಗೆ ಬಂದು ಮಂಡಿಯೂರಿ, ಬೆರಳಗೆಣ್ಣಿನಿಂದ ನೆಲದ ಕಲ್ಲನ್ನೇ ಬಡಿದ. ಅಡಿಯ ಗಾರೆ ಕುಸಿದು ಕಲ್ಲು ಪೊಳ್ಳಾಗಿತ್ತು. ಶಹಾಬಾದಿನಲ್ಲಿ ಮೂರು ವರ್ಷದ ಕೂಸೂ ಬಡಿದು ಹೇಳುವ ಸಂಗತಿ. ಗಣಿಯ ಮನೆತನದಲ್ಲಿ ಹುಟ್ಟಿ, ಕೋಲನ್ನು ಪರೀಕ್ಷಿಸಿದವನು ಕಲ್ಲನ್ನು ಪರೀಕ್ಷಿಸಲಿಲ್ಲ. ಇನ್ನೊಬ್ಬನಾಗಿದ್ದರೆ ಬಾಯಿ ಮುಚ್ಚಿಕೊಂಡು ಸುಮ್ಮನಿರುತ್ತಿದ್ದ, ಯಾರಿಗೆ ಗೊತ್ತಾಗಬೇಕು? ಭೀಮಶ್ಯಾ ಬೀಗವನ್ನು ಮತ್ತೆ ಹಾಕಿ, ಕೀಲಿಕೈ ವಾಚ್‌ಮನ್ನನಿಗೆ ಕೊಟ್ಟು, ಸಿಕಂದರಾಬಾದ್ ಕಡೆಯ ಪ್ಯಾಸೆಂಜರ್ ಹತ್ತಿದ.

ಚಿತ್ತಾಪುರದಲ್ಲಿ ಲಲಿತಾಬಾಯಿಯ ಅಣ್ಣನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಪಡಸಾಲೆಯಲ್ಲಿ ಎರಡು ಗೂಟಗಳ ನಡುವೆ ಕೋಲು ಅಡ್ಡ ಮಲಗಿತ್ತು. ಅದರ ಮೇಲೆ ಒಣಗಲು ಹಾಕಿದ ಒದ್ದೆ ಕೌದಿ. ಮಳೆಗಾಲವಿಡೀ ಕೌದಿಗಳ ಭಾರ ಹೊತ್ತು, ಬೆಳಕಿಗೆ ಹಿಡಿದು ನೋಡುವ ಅಗತ್ಯವೇ ಇಲ್ಲದಷ್ಟು ಅದು ಬಾಗಿತ್ತು.

"ಯಾಕಣ್ಣಾ, ಇಷ್ಟು ದೂರ?" ಎಂದು ಲಲಿತಾಬಾಯಿ ಚಾಪೆ ಹಾಸಿದಳು. "ಕುಂದ್ರಿ."

ಅವನು ಕೂರಲಿಲ್ಲ. ಕೌದಿ ಸರಿಸಿ ಕೋಲು ಇಳಿಸಿದ. ಮೊದಲು ನೆಲ ಬಡಿದು ನೋಡಿದ, ಕಲ್ಲು ಗಟ್ಟಿಯಿತ್ತು. ಆಮೇಲೆ ಕೋಲನ್ನು ಬಿಟ್ಟ. ಅಷ್ಟು ಬಾಗಿಯೂ ಅದು ಠಣ್ ಎಂದಿತು. ಅಂಥ ಸದ್ದು ಅವನು ಹದಿನೈದು ವರ್ಷದಲ್ಲಿ ಕೇಳಿರಲಿಲ್ಲ.

"ಕೋಲು ಚೊಲೋನೇ ಇತ್ರಿ ಅಕ್ಕಾರ. ನಮ್ಮ ಕ್ಲಬ್ಬಿನ ಕಲ್ಲು ಪೊಳ್ಳಿತ್ತು. ನಾ ನೋಡ್ಲಿಲ್ಲ. ತಪ್ಪು ನಂದದ. ಇದರ ಬೆಲಿ ನಾ ಕೊಡ್ತೀನಿ."

"ಈಗ ಬಾಗ್ಯದಲ್ಲಪಾ?"

"ಬಾಗಿಸಿದಾಂವ ನಾನೇ ಅಲ್ಲೇನ್ರಿ?"

ಬೆಲೆಯ ಮಾತನ್ನು ಇಲ್ಲೇ ಮುಗಿಸಿಬಿಡುವುದು ಒಳ್ಳೆಯದು. ಭೀಮಶ್ಯಾ ಸೈಕಲ್ ಮಾರಿದ, ಹೆಂಡತಿ ಅನಸುಬಾಯಿಯ ಬೈಗುಳ ತಿಂದ, ದೀಪಾವಳಿಗೆ ಮುಂಚೆ ಹೊಲಿಗೆ ಮಷೀನು ಚಿತ್ತಾಪುರ ಮುಟ್ಟಿತು. ಕ್ಲಬ್ಬಿನಲ್ಲಿ ಎಲ್ಲರ ಮುಂದೆ ತನ್ನ ತಪ್ಪು ತಾನೇ ಹೇಳಿದ. ಕೆಲವರು ನಕ್ಕರು, ಕೆಲವರು ಅವನ ಹತ್ತಿರ ಕೋಲು ತರುವುದನ್ನೇ ಬಿಟ್ಟರು. ಅದನ್ನೆಲ್ಲ ಅವನು ತಡೆದುಕೊಂಡ. ಆದರೆ ಅವತ್ತು ಆ ಪಡಸಾಲೆಯಲ್ಲಿ ಆದದ್ದನ್ನು ಅವನಿಗೆ ತಡೆದುಕೊಳ್ಳಲಾಗಲಿಲ್ಲ.

ಬೆಲೆ ಕೊಡುತ್ತೇನೆಂದರೂ ಲಲಿತಾಬಾಯಿಯ ಮುಖ ಅರಳಲಿಲ್ಲ. ಅವಳು ಕೋಲನ್ನು ಇಸಿದುಕೊಂಡು ಸೆರಗಿನಿಂದ ಮೆಲ್ಲಗೆ ಒರೆಸಲಿಕ್ಕೆ ಹತ್ತಿದಳು.

"ಅಂದ್ರ ಅವ್ರು ಮೋಸ ಹೋಗಿದ್ದಿಲ್ಲೇನು?"

"ಇಲ್ರಿ. ಅವ್ರಿಗಿ ಭಾಳ ತಿಳೀತಿತ್ತು."

"ನಾಕು ತಿಂಗಳಾತು, ಈ ಕೋಲಿನ ಮ್ಯಾಲ ಕೌದಿ ಹಾಕೋವಾಗೆಲ್ಲಾ ಬೈದೀನಿ ಅವ್ರಿಗಿ. ಸಂಸಾರಕ್ಕ ಇಡೋ ರೊಕ್ಕ ಯಾರಿಗೋ ಸುರುವಿ ಬಂದ್ರು, ಶಾಣ್ಯಾ ಅಂತ ಮೆರದ್ರು ಅಂತ. ಸತ್ತವರಿಗಿ ಬೈದೀನಿ, ಅಣ್ಣಾ."

ಅವಳು ಎದ್ದು ಒಳಕೋಣೆಗೆ ಹೋದಳು. ಗೋಡೆಯ ಮೇಲೆ ಗಾರ್ಡಿನ ಕರಿ ಕೋಟು, ಟೊಪ್ಪಿಗೆ ತೊಟ್ಟ ನಾಮದೇವರ ಫೋಟೋ ಇತ್ತು. ಅದರ ಕೆಳಗೆ ಕೋಲು ಒರಗಿಸಿ, ಹಣೆ ಮುಟ್ಟಿಸಿ, "ತಪ್ಪಾತ್ರಿ," ಅಂದಳು.

ಹೊಸ್ತಿಲಾಚೆ ನಿಂತಿದ್ದ ಭೀಮಶ್ಯಾ ಚಪ್ಪಲಿ ಬಿಟ್ಟು ಒಳಗೆ ಬಂದ. ಬದುಕಿದ್ದಾಗ ಒಮ್ಮೆಯೂ ಕಂಡಿರದ ಆ ಮನುಷ್ಯನ ಮುಂದೆ ಕೈಮುಗಿದು ನಿಂತ.

"ಅಕ್ಕಾರದಲ್ರಿ ಸಾಹೇಬ್ರ," ಅಂದ. "ತಪ್ಪು ನಂದು. ಅವ್ರು ಬೈದದ್ದೆಲ್ಲಾ ನನ್ನ ಮಾತು ನಂಬಿ."