ಗುಣಪಾಲಣ್ಣನ ಹಾಡಿಯ ಗಿರಾಕಿಗಳು

ಗುಲ್ವಾಡಿಯಿಂದ ಒಳಗೆ, ಡಾಂಬರು ಮುಗಿದು ಕೆಂಪು ಮಣ್ಣು ಶುರುವಾದ ಮೇಲೂ ಎರಡು ಮೈಲಿ ಹೋದರೆ ಗುಣಪಾಲಣ್ಣನ ಜಾಗ ಸಿಗುತ್ತದೆ. ಮೂರು ಎಕರೆ. ಮೂರು ಬದಿಗೆ ಹಾಡಿ, ಕುರುಚಲು ಕಾಡು. ನಾಲ್ಕನೆಯ ಬದಿಗೆ ಗೇಟು. ಪ್ರಾಣಿಗಳೆಲ್ಲ ಹಾಡಿಯ ಬದಿಯಿಂದ ಬರುತ್ತವೆ, ಗೇಟಿನಿಂದ ಬರುವುದು ನಾನೊಬ್ಬನೇ. ಕೋಟದಲ್ಲಿ ನನ್ನದು ತೆಂಗಿನಕಾಯಿ ಅಂಗಡಿ. ಎಳೆಯದರಲ್ಲೇ ಮಂಗಗಳು ತೂತು ಮಾಡಿ ಕುಡಿದು ಬಿಸಾಡಿದ್ದನ್ನು ಬಿಟ್ಟು ಉಳಿದ ಕಾಯಿ ನನಗೆ. ಅಲ್ಲಿ ನಾನು ಎರಡನೆಯ ಪಂಕ್ತಿಯಲ್ಲಿ ಉಣ್ಣುವವನು.

ಗುಣಪಾಲಣ್ಣ ಮೂವತ್ತೆರಡು ವರ್ಷ ಮುಂಬಯಿಯ ಹೋಟೆಲೊಂದರ ಗಲ್ಲಾದಲ್ಲಿ ಕೂತವರು. ಅರವತ್ತು ತುಂಬಿದ ಮೇಲೆ ಹೆಂಡತಿ ಸ್ನೇಹಲತಕ್ಕನ ಜೊತೆ ಊರಿಗೆ ಬಂದು ಈ ಜಾಗ ತೆಗೆದುಕೊಂಡರು. ಈಗಲೂ ಬೆಳಿಗ್ಗೆ ಆರಕ್ಕೆ ಬಿಳಿ ಅಂಗಿ ತೊಟ್ಟು, ಜಗಲಿಯಲ್ಲಿ ಮೇಜು ಹಾಕಿ, ಹಾಡಿಗೆ ಮುಖ ಮಾಡಿ ಕೂರುತ್ತಾರೆ. ಒಂದೊಂದೇ ಗಿರಾಕಿ ಬರುತ್ತದೆ.

“ನವಿಲ್ ಬಂತ್ ಕಾಣಿ. ಎಂತದೂ ತಕಂಬುದಿಲ್ಲೆ. ಬರೀ ಜರಿ ಪಂಚೆ ತೋರ್ಸುಕೆ ಬಪ್ದ್.”

ಮುಂಗುಸಿ ಅವರ ಪ್ರಕಾರ ಇನ್ಸ್‌ಪೆಕ್ಟರ್. ಹೇಳದೆ ಕೇಳದೆ ಬಂದು ಕೋಳಿಗೂಡಿನ ಅಡಿಯೆಲ್ಲ ಮೂಸಿ ನೋಡುತ್ತದೆ, ಬರಿಗೈಯಲ್ಲಿ ಹೋಗುವುದಿಲ್ಲ. ಬಾವಿಕಟ್ಟೆಯ ಹತ್ತಿರ ಒಂದೇ ಕಲ್ಲು ಹಿಡಿದು ಮಧ್ಯಾಹ್ನದವರೆಗೆ ಬಿಸಿಲು ಕಾಯುವ ಉಡ ಪಿಂಚಣಿದಾರ. ಕಾಡುಹಂದಿಯದು ರಾತ್ರಿ ಪಾಳಿ, ಗೆಣಸು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮಂಗಗಳಿಗೆ ಮಾತ್ರ ಕಾಯಂ ಊಟ.

ಈ ಊಟದಿಂದಲೇ ಮನೆಯಲ್ಲಿ ಜಗಳ ಎದ್ದದ್ದು. ಜಾಗ ತೆಗೆದುಕೊಂಡ ದಿನ ಗುಣಪಾಲಣ್ಣ ಊರ ಗಣಪತಿಗೆ ಹರಕೆ ಹೇಳಿಕೊಂಡಿದ್ದರು: ಇಲ್ಲಿ ಬೆಳೆದ ಮೊದಲ ಬಾಳೆಗೊನೆ ಚೌತಿಗೆ ದೇವರಿಗೆ. ಮೊದಲ ವರ್ಷ ಗೊನೆಗೆ ಗೋಣಿ ಕಟ್ಟಿದರು. ಮಂಗಗಳು ಗೋಣಿ ಬಿಚ್ಚಿ, ತಿಂದು, ಸಿಪ್ಪೆಯನ್ನು ಅದರಲ್ಲೇ ತುಂಬಿಟ್ಟು ಹೋದವು. ಎರಡನೆಯ ವರ್ಷ ತಮ್ಮದೇ ಹಳೆಯ ಬಿಳಿ ಅಂಗಿ ತೊಡಿಸಿ ಬೆದರುಗೊಂಬೆ ನಿಲ್ಲಿಸಿದರು. ಅದರ ಹೆಗಲ ಮೇಲೆ ಕೂತರೆ ಗೊನೆ ಸರಿಯಾಗಿ ಕೈಗೆಟುಕುತ್ತಿತ್ತು.

ಈ ವರ್ಷ ಸ್ನೇಹಲತಕ್ಕ ನನ್ನೆದುರೇ ತೀರ್ಪು ಕೊಟ್ಟರು. “ಈ ಚೌತಿಗೂ ಗೊನೆ ದೇವ್ರಿಗೆ ಮುಟ್ಟದಿದ್ರೆ ಜಾಗ ರಬ್ಬರಿನವ್ರಿಗೆ ಕೊಡುದೇ. ರಬ್ಬರ್ ಯಾವ ಮಂಗವೂ ತಿಂಬುದಿಲ್ಲೆ.”

“ರಬ್ಬರ್ ಹಾಕ್ರೆ ನಮ್ಮನಿಗ್ ಯಾರ್ ಬತ್ರ್ ಮಾರಾಯ್ತಿ?” ಗುಣಪಾಲಣ್ಣನ ಸ್ವರ ಇಳಿದಿತ್ತು.

“ಯಾರೂ ಬಪ್ದ್ ಬ್ಯಾಡ. ಅದ್ಕೇ ಹೇಳಿದ್ದ್.”

ಪಟಾಕಿ ಹೊಡೆಯಿರಿ ಎಂದೆ ನಾನು. ಗುಣಪಾಲಣ್ಣ ನನ್ನನ್ನು ಮೇಲೆ ಕೆಳಗೆ ನೋಡಿದರು. “ಹ್ವಾಯ್, ನಿಮ್ಮ ಅಂಗ್ಡಿಗ್ ಬಂದವ್ರಿಗೆ ಪಟಾಕಿ ಹೊಡಿತ್ರಾ?”

ಅವರ ಹತ್ತಿರ ಬೇರೆ ವಿದ್ಯೆ ಇತ್ತು. ಚಹಾ ಮುಗಿಸಿಯೂ ಏಳದ ಗಿರಾಕಿಗೆ ಹೋಟೆಲಿನವರು ಏಳು ಅನ್ನುವುದಿಲ್ಲ. ಒದ್ದೆ ಬಟ್ಟೆ ತಂದು ಮೇಜು ಒರೆಸುತ್ತಾರೆ. ಮೊದಲು ಗ್ಲಾಸಿನ ಸುತ್ತ, ಆಮೇಲೆ ಮೊಣಕೈಯ ಬುಡ. ಹೋದ ವರ್ಷ ಕಾಯಿಯ ದರಕ್ಕೆ ಜಗ್ಗಾಡುತ್ತ ಕೂತಿದ್ದ ನನಗೂ ಇದೇ ಮರ್ಯಾದೆ ಆಗಿತ್ತು. ನಾನು ಎದ್ದದ್ದು ನನಗೆ ಗೊತ್ತಾದದ್ದು ಗೇಟು ದಾಟಿದ ಮೇಲೆ, ಅದೂ ಅವರು ಹೇಳಿದ ದರಕ್ಕೆ ಒಪ್ಪಿಕೊಂಡು.

ಅವತ್ತೇ ಹನ್ನೊಂದು ಗಂಟೆಗೆ ಮುದಿ ಗಡವ ಮಂಗ ಬಂದು ಬಾಳೆಯ ಪಕ್ಕದ ಪಾಗಾರದ ಗೋಡೆಯ ಮೇಲೆ ಕೂತಿತು. ಗುಣಪಾಲಣ್ಣ ಬಕೆಟ್ಟಿನಲ್ಲಿ ಫಿನಾಯಿಲ್ ನೀರು ಹಿಡಿದು, ಹೆಗಲ ಮೇಲೆ ಬಟ್ಟೆ ಹಾಕಿಕೊಂಡು ಹೊರಟರು. ಬೈಯಲಿಲ್ಲ, ಕಲ್ಲು ಎತ್ತಲಿಲ್ಲ. ಮಂಗದ ಮುಖವನ್ನೂ ನೋಡದೆ ಅದರ ಬಾಲದ ಪಕ್ಕ ಒರೆಸಿದರು. ಮಂಗ ಒಂದು ಗೇಣು ಸರಿಯಿತು. ಅಲ್ಲಿಯೂ ಒರೆಸಿದರು.

“ಚಲೋ ಸೇಟ್, ಹಿಂದೆ ಜನ ಕಾಯ್ತಿತ್.”

ಗೇಣು ಗೇಣಾಗಿ ಗಡವ ಪಾಗಾರದ ತುದಿ ಮುಟ್ಟಿತು. ಕೊನೆಗೆ ಭಾರಿ ಅವಮಾನವಾದವರ ಹಾಗೆ ಮೂಗು ಉಜ್ಜಿಕೊಂಡು ಹಾಡಿಗೆ ಇಳಿಯಿತು. ಹಿಂದೆಯೇ ಇಡೀ ಹಿಂಡು. ದಿನಾ ಹೀಗೆ, ಹದಿನೇಳು ದಿನ.

“ಅದ್ ಫಿನಾಯಿಲ್ ವಾಸ್ನೆಗೆ ಹೋಪ್ದ್” ಎಂದರು ಸ್ನೇಹಲತಕ್ಕ.

“ಮೂವತ್ತೆರಡ್ ವರ್ಷದ ಅನುಭವಕ್ಕೆ ಹೋಪ್ದ್” ಎಂದರು ಗುಣಪಾಲಣ್ಣ.

ಚೌತಿಯ ಬೆಳಿಗ್ಗೆ ಗೊನೆ ಕಡಿದು ಜಗಲಿಯ ಮೇಜಿನ ಮೇಲೆ ಮಲಗಿಸಿದರು. ಒಂಬತ್ತು ಚಿಪ್ಪು, ಮೇಲಿನದು ಆಗಲೇ ಹಳದಿ. ದೇವಸ್ಥಾನಕ್ಕೆ ಒಯ್ಯಲು ನನ್ನ ಗಾಡಿ. ಗುಣಪಾಲಣ್ಣ ಸ್ನಾನಕ್ಕೆ ಹೋದರು. ಸ್ನೇಹಲತಕ್ಕ ಮೇಜಿನ ಹಿಂದೆ ಕುರ್ಚಿ ಹಾಕಿ, ಕೋಲು ಹಿಡಿದು ಕಾವಲಿಗೆ ಕೂತರು. ನಾನು ಚಹಾ ಕುಡಿಯುತ್ತಿದ್ದೆ.

ಆಗ ಮೆಟ್ಟಿಲ ಮೇಲೆ ಒಂದು ತಾಯಿ ಮಂಗ ಬಂದು ಕೂತಿತು. ಹೊಟ್ಟೆಗೆ ಮರಿ ಅಂಟಿಕೊಂಡಿತ್ತು. ಹಲ್ಲು ಕಿರಿಯಲಿಲ್ಲ, ಹಾರಲಿಲ್ಲ. ಸುಮ್ಮನೆ ಸ್ನೇಹಲತಕ್ಕನ ಮುಖ ನೋಡಿತು. ಸ್ನೇಹಲತಕ್ಕ ಕೋಲು ಎತ್ತಿದರು. ಮರಿ ತಲೆ ಹೊರಗೆ ಹಾಕಿತು. ಕೋಲು ಕೆಳಗಿಳಿಯಿತು.

“ಬಾಣಂತಿ ಮಾರಾಯ್ರೆ” ಎಂದು ನನಗೆ ಹೇಳಿದವರೇ ಹಳದಿ ಚಿಪ್ಪನ್ನು ಇಡಿಯಾಗಿ ಮುರಿದು ಮೆಟ್ಟಿಲ ಮೇಲೆ ಇಟ್ಟರು. ಮಂಗ ಅಲ್ಲೇ ಕೂತು ಸುಲಿಯತೊಡಗಿತು.

ಗುಣಪಾಲಣ್ಣ ತಲೆ ಒರೆಸಿಕೊಳ್ಳುತ್ತ ಬಂದರು. ಗಲ್ಲಾದ ಕಣ್ಣು, ಒಂದೇ ನೋಟ ಸಾಕಾಯಿತು.

“ಎಂಟೇ ಇತ್ತಲೆ?”

ನಾನು ಗ್ಲಾಸಿನ ತಳ ನೋಡಿದೆ. ಮಂಗ ಸಿಪ್ಪೆ ಬಿಸಾಡಿತು.

“ಬೋಣಿ ಗಿರಾಕಿ” ಎಂದರು ಸ್ನೇಹಲತಕ್ಕ, ಯಾರ ಮುಖವನ್ನೂ ನೋಡದೆ. “ಬೆಳಿಗ್ಗೆ ಮೊದ್ಲ್ ಬಂದವ್ರನ್ನ ಬರಿಗೈಲಿ ಕಳ್ಸುಕೆ ಆತ್ತಾ? ನೀವೇ ಹೇಳ್ತಿದ್ರಿ.”

ಗುಣಪಾಲಣ್ಣ ಒದ್ದೆ ಬಟ್ಟೆ ತಂದು ಸ್ನೇಹಲತಕ್ಕನ ಮುಂದಿನ ಮೇಜು ಒರೆಸಿದರು. ಮೊದಲು ಗೊನೆಯ ಸುತ್ತ, ಆಮೇಲೆ ಮೊಣಕೈಯ ಬುಡ. ಅವರು ಎದ್ದು ಸೆರಗು ಸರಿಮಾಡಿಕೊಂಡು ನನ್ನ ಗಾಡಿ ಹತ್ತಿದರು.

ದೇವಸ್ಥಾನದ ಭಟ್ಟರು ಗೊನೆಯ ಮೇಲಿನ ಗಾಯ ಮುಟ್ಟಿ ನೋಡಿ, “ಇದೆಂತ?” ಎಂದರು.

“ಸಾಗಾಟದಲ್ಲಿ ಅಷ್ಟ್ ಹೋತ್ ಭಟ್ರೆ” ಎಂದೆ. ವ್ಯಾಪಾರಿಯ ಬಾಯಿಗೆ ಬೇರೇನು ಬರುತ್ತದೆ? ಭಟ್ಟರು ನಕ್ಕು ಗೊನೆಯನ್ನು ಒಳಗೆ ಒಯ್ದು ದೇವರ ಮುಂದೆ ಇಟ್ಟರು. ಗುಣಪಾಲಣ್ಣ ಕಣ್ಣು ಮುಚ್ಚಿ ಬಹಳ ಹೊತ್ತು ಕೈ ಮುಗಿದರು.

ವಾಪಸು ಬರುವಾಗ ಗಾಡಿಯಲ್ಲಿ ಸ್ನೇಹಲತಕ್ಕನ ಮೊಬೈಲು ಬಡಿದುಕೊಂಡಿತು. ರಬ್ಬರಿನವನು. ಗುಣಪಾಲಣ್ಣ ಕಿಟಕಿಯ ಹೊರಗೆ ನೋಡುತ್ತ ಕೂತರು.

“ಇಲ್ಲೆ ಮಾರಾಯ್ರೆ” ಎಂದರು ಸ್ನೇಹಲತಕ್ಕ ಫೋನಿಗೆ. “ನಮ್ಮಲ್ ಜಾಗ ಖಾಲಿ ಇಲ್ಲೆ. ಎಲ್ಲ ಭರ್ತಿ ಆಯ್ತ್.”