ಅರಳಿಕಟ್ಟೆಯ ದೇವರನ್ನು ಕದಲಿಸಿದ ಅತ್ತಿಗೆ

ನಾದಿನಿಯಾದವಳು ಅತ್ತಿಗೆಯನ್ನು ಹೊಗಳಿದರೆ, ಇವಳಿಗೆ ಏನೋ ಕೆಲಸ ಆಗಬೇಕಾಗಿದೆ ಎಂದು ಕೇಳುವವರು ಅನುಮಾನಿಸುತ್ತಾರೆ. ನನಗೆ ಏನೂ ಆಗಬೇಕಾಗಿಲ್ಲ. ನನ್ನ ಅಣ್ಣನ ಹೆಂಡತಿಯ ಮೇಲೆ ನನಗಿರುವುದು ಅಪ್ಪಟ ಮೆಚ್ಚುಗೆ. ಅದು ಹುಟ್ಟಿದ್ದು ಕಾರವಾರದಲ್ಲಿ, ಅವರ ಮನೆಯೆದುರಿನ ಪಾರ್ಕಿನ ಅರಳಿಕಟ್ಟೆಯಲ್ಲಿ. ಅದಕ್ಕೆ ಮೊದಲು ನಾನೂ ಎಲ್ಲ ನಾದಿನಿಯರಂತೆಯೇ ಇದ್ದೆ. ಅವಳು ಮಾಡಿದ ಸಾರಿಗೆ ಉಪ್ಪು ಕಡಿಮೆ ಎನ್ನುತ್ತಿದ್ದೆ.

ನಾನಿರುವುದು ಅಂಕೋಲೆಯಲ್ಲಿ, ನೌಕರಿ ಕಾರವಾರದಲ್ಲಿ. ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು, ಮಧ್ಯಾಹ್ನದ ಊಟ ಅಣ್ಣನ ಮನೆಯಲ್ಲಿ. ಹಾಗಾಗಿ ಆ ಪಾರ್ಕು ನನಗೆ ನನ್ನ ಮನೆಯ ಅಂಗಳಕ್ಕಿಂತ ಹೆಚ್ಚು ಪರಿಚಯ. ಎರಡು ಜೋಕಾಲಿ, ಒಂದು ಜಾರುಬಂಡೆ, ಕೆಲವು ಸಿಮೆಂಟಿನ ಬೆಂಚು, ಸುತ್ತ ದಾಸವಾಳದ ಬೇಲಿ, ನಡುವೆ ಹಳೆಯ ಅರಳಿಮರ. ಮರಕ್ಕೆ ಕಟ್ಟೆ, ಕಟ್ಟೆಯ ಸುತ್ತ ಪ್ರದಕ್ಷಿಣೆಗೆ ಕಲ್ಲು ಹಾಸಿದ ದಾರಿ. ಸಂಜೆ ಸಮುದ್ರದ ಗಾಳಿ ಬೀಸಿದರೆ ಎಲೆಗಳೆಲ್ಲ ಒಟ್ಟಿಗೆ ಸದ್ದು ಮಾಡುತ್ತವೆ. ಕೂತು ಹೋಗೋಣ ಎನಿಸುವ ಜಾಗ.

ಆದರೆ ಕೂರುವಂತಿರಲಿಲ್ಲ. ಕಟ್ಟೆಯ ತುಂಬ ದೇವರುಗಳು. ಗೆದ್ದಲು ತಿಂದ ಚೌಕಟ್ಟಿನ ವೆಂಕಟರಮಣ, ಗಾಜು ಬಿರುಕುಬಿಟ್ಟ ಲಕ್ಷ್ಮಿ, ಬಣ್ಣ ಹೋದ ಶಿವಪಾರ್ವತಿ, ಹಳೆಯ ಕ್ಯಾಲೆಂಡರಿನ ಗಣಪತಿ, ಕೆಂಪು ಬಟ್ಟೆ ಸುತ್ತಿದ ಕೊಳೆತ ತೆಂಗಿನಕಾಯಿ, ಪ್ಲಾಸ್ಟಿಕ್ ಹೂವಿನ ಮಾಲೆ. ಮನೆಗೆ ಹೊಸ ಬಣ್ಣ ಹೊಡೆಸಿದವರು, ಬಾಡಿಗೆ ಮನೆ ಬದಲಿಸಿದವರು, ಹೊಸ ಫೋಟೋ ತಂದವರು ಹಳೆಯ ದೇವರನ್ನು ಕಸದ ಬುಟ್ಟಿಗೆ ಹಾಕಲಾರದೆ ಇಲ್ಲಿ ತಂದಿಟ್ಟು, ಕೈ ಮುಗಿದು, ಹಿಂದಿರುಗಿ ನೋಡದೆ ಹೋಗುತ್ತಿದ್ದರು. ಅವರಲ್ಲಿ ಒಬ್ಬರೂ ಊರು ಕೆಡಿಸಬೇಕೆಂದು ಬಂದವರಲ್ಲ. ಎಲ್ಲರೂ ಭಕ್ತರೇ. ಆದರೆ ದೇವರ ಹಿಂದೆ ಹರಕು ದಿಂಬು ಬರುತ್ತದೆ, ದಿಂಬಿನ ಹಿಂದೆ ಮೀನು ತೊಳೆದ ಚೀಲ ಬರುತ್ತದೆ, ಅದರ ಹಿಂದೆ ನಾಯಿ ಬರುತ್ತದೆ. ನಾಯಿಗಳ ಎಳೆದಾಟದಲ್ಲಿ ಚೌಕಟ್ಟುಗಳು ಬಿದ್ದು ಗಾಜು ಒಡೆಯುತ್ತಿತ್ತು.

ಆ ಗಾಜು ನನ್ನ ಅಣ್ಣನ ಪಾದಕ್ಕೆ ಹೊಕ್ಕಿತು. ಅಣ್ಣನಿಗೆ ಸಕ್ಕರೆ ಕಾಯಿಲೆ, ಪಾದಕ್ಕೆ ಮುಟ್ಟಿದ್ದು ತಿಳಿಯುವುದೇ ಕಡಿಮೆ. ಒಂದು ಶನಿವಾರ ಚಪ್ಪಲಿ ಬಿಟ್ಟು ಮರಕ್ಕೆ ಸುತ್ತು ಹಾಕಿ ಮನೆಗೆ ಬಂದವನ ಹಿಂದೆ ನೆಲದ ಮೇಲೆ ರಕ್ತದ ಹೆಜ್ಜೆ ಮೂಡಿದ್ದನ್ನು ಅತ್ತಿಗೆ ನೋಡಿದಳು. ಅವನಿಗೆ ಗೊತ್ತೇ ಇರಲಿಲ್ಲ. ಗಾಯ ಮಾಯಲಿಲ್ಲ, ಕೊನೆಗೆ ಒಂದು ಬೆರಳು ತೆಗೆಯಬೇಕಾಯಿತು. ದಿನಾ ನಡೆಯಲೇಬೇಕು, ಆದರೆ ಇನ್ನೊಂದು ಗಾಯವಾದರೆ ಪಾದವೇ ಹೋದೀತು ಎಂದರು ಡಾಕ್ಟರು. ಅಣ್ಣ ಆ ಮಾತಿನ ಎರಡನೆಯ ಅರ್ಧವನ್ನು ಮಾತ್ರ ಕೇಳಿಸಿಕೊಂಡ. ಜಗಲಿಯ ಕುರ್ಚಿ ಹಿಡಿದು ಕೂತವನು ಗೇಟು ದಾಟಲಿಲ್ಲ. ನಡೆಯದೆ ಸಕ್ಕರೆ ಏರತೊಡಗಿತು. ಮೆತ್ತನೆಯ ಅಟ್ಟೆಯ ಚಪ್ಪಲಿ ತಂದುಕೊಟ್ಟರೂ ಅದು ಬಾಗಿಲ ಹಿಂದೆಯೇ ಉಳಿಯಿತು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಸಿಟ್ಟು ಬಂದರೆ ನಾನು ಫೋನು ಹಿಡಿಯುವವಳು. ನಗರಸಭೆಗೆ ಫೋನು ಮಾಡಿದೆ, ಅರ್ಜಿ ಕೊಟ್ಟೆ, ಫೋಟೋ ತೆಗೆದು ಕಳಿಸಿದೆ. ಅವರು ಬಂದರು, ಸುಳ್ಳು ಹೇಳಬಾರದು. ದಿಂಬು ಹೋಯಿತು, ಚೀಲಗಳು ಹೋದವು, ದಾರಿಯನ್ನೂ ಗುಡಿಸಿದರು. ದೇವರುಗಳು ಮಾತ್ರ ಇದ್ದಲ್ಲೇ ಇದ್ದವು. ಯಾಕೆ ಎಂದು ಗಾಡಿಯ ಜೊತೆ ಬಂದ ಪೌರಕಾರ್ಮಿಕ ಹೆಂಗಸನ್ನು ಕೇಳಿದೆ.

"ದೇವ್ರನ್ನ ಕಸದ ಗಾಡಿಗೆ ಹಾಕೂಕೆ ನನ್ನ ಕೈ ಬರೂದಿಲ್ಲ ಅಕ್ಕಾ. ನಿಮ್ಮ ಕೈ ಬರ್ತದಾ? ಬಂದ್ರೆ ನೀವೇ ಎತ್ತಿ ಹಾಕಿ," ಎಂದಳು.

ನನ್ನ ಕೈಯೂ ಬರಲಿಲ್ಲ. ಇಲ್ಲಿ ದೇವರ ಫೋಟೋ ಇಡಬಾರದು ಎಂದು ಒಂದು ಬೋರ್ಡು ಬರೆಸಿ ನೆಡಿಸಿದೆ. ಮುಂದಿನ ವಾರ ಆ ಬೋರ್ಡಿಗೇ ಒರಗಿಸಿ ಯಾರೋ ಸತ್ಯನಾರಾಯಣನನ್ನು ನಿಲ್ಲಿಸಿ ಹೋಗಿದ್ದರು. ನನ್ನ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅತ್ತಿಗೆ ಇದನ್ನೆಲ್ಲ ನೋಡುತ್ತಿದ್ದಳು.

ಚೌತಿ ಬಂತು. ಗಣಪತಿಯನ್ನು ಕೂರಿಸುವುದು ಅಣ್ಣನ ಮನೆಯಲ್ಲಿ, ಹಾಗಾಗಿ ನಾವೂ ಅಂಕೋಲೆಯಿಂದ ಬಂದಿದ್ದೆವು. ವಿಸರ್ಜನೆಯ ಹೊತ್ತಿಗೆ ಆರತಿ ಆಯಿತು, ಅವಲಕ್ಕಿ ಮೊಸರಿನ ನೈವೇದ್ಯ ಆಯಿತು. ಅಣ್ಣ ಕಾಲಿನ ಬ್ಯಾಂಡೇಜಿನೊಂದಿಗೆ ಮಣೆಯ ಮೇಲೆ ಕೂತೇ ಅಕ್ಷತೆ ಹಾಕಿ, ಎರಡೂ ಕೈಯಲ್ಲಿ ಮೂರ್ತಿಯನ್ನು ಹಿಡಿದು ಇದ್ದ ಜಾಗದಿಂದ ತುಸುವೇ ಕದಲಿಸಿದ. ನಮ್ಮಲ್ಲಿ ಎಲ್ಲರ ಮನೆಯಲ್ಲೂ ಮಾಡುವುದೇ. ಹಾಗೆ ಕದಲಿಸಿದ ಮೇಲೆ ದೇವರು ಹೊರಟ, ಉಳಿದದ್ದು ಮಣ್ಣು. ಆ ಮೇಲೆ ಅದನ್ನು ತಲೆಯ ಮೇಲೆ ಹೊತ್ತು ನೀರಿಗೆ ಬಿಡಲು ಯಾರಿಗೂ ಅಂಜಿಕೆಯಿಲ್ಲ. ನಾನು ಬದುಕಿಡೀ ಅದನ್ನು ನೋಡಿದ್ದೇನೆ. ಅತ್ತಿಗೆಯೂ ನೋಡಿದ್ದಾಳೆ. ಆದರೆ ಅವತ್ತು ಅವಳು ಆರತಿ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದಳು.

"ತಂಗಿ, ಮೂರ್ತಿಗೆ ನಡೀತದೆ, ಫೋಟೋಕ್ಕೆ ಯಾಕೆ ನಡೀಬಾರದು?" ಎಂದು ಅಡುಗೆಮನೆಯಲ್ಲಿ ನನ್ನನ್ನು ಕೇಳಿದಳು.

ಅವಳು ಏನು ಹೇಳುತ್ತಿದ್ದಾಳೆಂದು ನನಗೆ ಅರ್ಥವಾದದ್ದು ಮುಂದಿನ ಶನಿವಾರ. ಸ್ನಾನ ಮಾಡಿ, ಒಂದು ಬಟ್ಟಲಲ್ಲಿ ಅಕ್ಷತೆ, ಒಂದು ಗೋಣಿಚೀಲ, ಒಂದು ಬಕೆಟ್ಟು ಹಿಡಿದು ಅವಳು ಪಾರ್ಕಿಗೆ ಹೊರಟಳು. ಅವತ್ತು ಬಸ್ಸಿಳಿದು ಮೊದಲು ಅವರ ಮನೆಗೆ ಬಂದಿದ್ದ ನಾನು, ಆಫೀಸಿಗೆ ಹೊತ್ತಾಗುತ್ತಿದ್ದರೂ ಹಿಂದೆಯೇ ಹೋದೆ. ಪಕ್ಕದ ಮನೆಯ ಹೆಂಗಸು ಗೇಟಿನಲ್ಲೇ ತಡೆದಳು. ಈಕೆ ಅತ್ತಿಗೆಯನ್ನು ವೈನಿ ಎಂದೂ ಅಣ್ಣನನ್ನು ದಾದಾ ಎಂದೂ ಕರೆಯುವವಳು. ಓಣಿಯಲ್ಲಿ ಯಾರ ಮನೆಯ ಕುಕ್ಕರು ಯಾವಾಗ ಕೂಗಿತೆಂದು ಈಕೆಗೆ ಗೊತ್ತು.

"ವೈನಿ, ಇದು ಬರೋಬ್ಬರಿ ಅಲ್ಲ. ಊರ ದೇವ್ರನ್ನೆಲ್ಲ ನೀವು ಯಾಕೆ ಮುಟ್ಟೂದು? ಮನೇಲಿ ಕಾಯಿಲೆ ಮನುಷ್ಯ ಇದ್ದಾರೆ. ನಾಳೆ ದಾದಾಗೆ ಹೆಚ್ಚು ಕಡಿಮೆ ಆದ್ರೆ?"

ಅತ್ತಿಗೆ ಅವಳನ್ನು ದಾಟಿಕೊಂಡು ನಡೆದಳು. ಪಾರ್ಕಿನೊಳಗೆ ಬಂದ ಮೇಲೆ ಬಟ್ಟಲನ್ನು ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದಳು.

"ನಂಗೂ ಹೆದ್ರಿಕೆ ಆಗ್ತದೆ ತಂಗಿ," ಎಂದಳು. "ಆದ್ರೆ ಅವ್ರ ಕಾಲಿನ ಹೆದ್ರಿಕೆ ಅದಕ್ಕಿಂತ ದೊಡ್ದು."

ಮೊದಲು ವೆಂಕಟರಮಣ. ಎರಡು ಕಾಳು ಅಕ್ಷತೆ ಹಾಕಿ, ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ತುಸು ಕದಲಿಸಿ, "ಯಾರ ಮನೇಲಿ ಇದ್ಯೋ, ಅವ್ರನ್ನ ಚೆನಾಗಿಟ್ಟಿದ್ದೆ. ಹೋಗಿ ಬಾ," ಎಂದಳು. ಆಮೇಲೆ ಹಿಂದಿನ ಮೊಳೆ ಕಿತ್ತು, ಗಾಜು ಬೇರೆ, ಕಟ್ಟಿಗೆ ಬೇರೆ, ಕಾಗದ ಬೇರೆ ಮಾಡಿದಳು. ಗಾಜು ಗುಜರಿಗೆ. ಕಾಗದವನ್ನು ಬಕೆಟ್ಟಿನ ನೀರಿನಲ್ಲಿ ನೆನೆಸಿ ದಾಸವಾಳದ ಬುಡಕ್ಕೆ ಗುಂಡಿ ತೋಡಿ ಹಾಕಿದೆವು. ಪ್ರತಿಯೊಂದಕ್ಕೂ ಅದೇ ಅಕ್ಷತೆ, ಅದೇ ಮಾತು, ಅದೇ ನಿಧಾನ. ಅವಸರ ಮಾಡಿದ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡದ್ದು ಅವತ್ತು.

ಪ್ಲಾಸ್ಟಿಕ್ ಹಾಳೆ ಹಚ್ಚಿದ ಹೊಸ ಫೋಟೋಗಳು ಮಾತ್ರ ನೀರಿಗೂ ಜಗ್ಗಲಿಲ್ಲ, ಮಣ್ಣಿಗೂ ಜಗ್ಗಲಿಲ್ಲ. ಅವನ್ನು ಕಟ್ಟಿಟ್ಟು, ಗಾಡಿ ಬಂದಾಗ ಅದೇ ಪೌರಕಾರ್ಮಿಕ ಹೆಂಗಸಿಗೆ ಅತ್ತಿಗೆ ಸಂಗತಿ ಹೇಳಿದಳು. ಆಕೆ ಕೇಳಿದ್ದು ಒಂದೇ ಮಾತು: "ಕದಲಿಸಿದ್ದಾ?" ಹೌದು ಎಂದಾಗ ಕೈ ಚಾಚಿ ಇಸಿದುಕೊಂಡಳು.

ಕಟ್ಟಿಗೆಯ ಚೌಕಟ್ಟುಗಳನ್ನು ಅತ್ತಿಗೆ ನನಗೆ ಹೊರಿಸಿದಳು. ಅಂಕೋಲೆಯ ನಮ್ಮ ಮನೆಯಲ್ಲಿ ಇನ್ನೂ ಬಚ್ಚಲ ಒಲೆ ಉರಿಯುತ್ತದೆ. ಬಸ್ಸಿನಲ್ಲಿ ಆ ಕಟ್ಟು ಹಿಡಿದು ಕೂತ ನನ್ನನ್ನು ಕಂಡಕ್ಟರು ಫೋಟೋ ಅಂಗಡಿಯವಳೆಂದು ತಿಳಿದ. ದೇವರ ಚೌಕಟ್ಟಿನಿಂದ ನೀರು ಕಾಯಿಸುವುದೇ ಎಂದು ನಾನು ಅಳುಕುತ್ತಿದ್ದರೆ, ನನ್ನ ಅತ್ತೆ ಅದನ್ನು ಹೊಗೆ ಅಟ್ಟದ ಮೇಲೆ ಎತ್ತಿಟ್ಟರು. "ದೀಪಾವಳಿ ಅಭ್ಯಂಗಕ್ಕೆ ಆಗ್ತದೆ. ಇದ್ಕಿಂತ ಒಳ್ಳೆ ಕಟ್ಟಿಗೆ ಎಲ್ಲಿ ಸಿಕ್ತದೆ?" ಎಂದರು.

ಎರಡು ಶನಿವಾರ ಹೀಗೇ ಹೋಯಿತು. ಕಟ್ಟೆ ಅರ್ಧ ಖಾಲಿಯಾಯಿತು. ಅಷ್ಟರಲ್ಲಿ ಅಣ್ಣನಿಗೆ ಜ್ವರ ಬಂತು, ಪಾದ ಊದಿತು. ಮಧ್ಯಾಹ್ನ ನಾನು ಊಟಕ್ಕೆ ಹೋದಾಗ ಓಣಿಯಲ್ಲಿ ಮೂರು ಕಡೆ ಗುಸುಗುಸು ನಿಂತು ನನ್ನನ್ನು ದಾಟಿಸಿ ಮತ್ತೆ ಶುರುವಾಯಿತು. ಪಕ್ಕದ ಮನೆಯವಳು ಗೇಟಿನಲ್ಲಿ ನಿಂತು ನಾನು ಹೇಳಲಿಲ್ಲವೇ ಎನ್ನುವ ಮುಖ ಮಾಡಿದಳು. ಬ್ಯಾಂಡೇಜಿಗೆ ಸ್ನಾನದ ನೀರು ಇಳಿದು ಹೀಗಾಗಿದೆ ಎಂದು ಡಾಕ್ಟರು ಹೇಳಿದ್ದರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದದ್ದು, ಅಷ್ಟೇ. ಆದರೆ ಅತ್ತಿಗೆಯ ಮುಖದಲ್ಲಿ ರಕ್ತವಿರಲಿಲ್ಲ. ಒಲೆಯ ಮೇಲಿನ ಅನ್ನ ಹೊತ್ತಿದ್ದೂ ಅವಳಿಗೆ ತಿಳಿಯಲಿಲ್ಲ. ಇನ್ನು ಆ ಕಡೆ ಹೋಗುವುದಿಲ್ಲ, ಊರ ಉಸಾಬರಿ ನಮಗೆ ಬೇಡ ಎಂದಳು. ನನಗೂ ಹೋಗು ಎನ್ನುವ ಧೈರ್ಯ ಬರಲಿಲ್ಲ.

ಹೋಗು ಎಂದವನು ಅಣ್ಣ, ಜ್ವರದ ಹಾಸಿಗೆಯಿಂದ. "ನೀ ಈಗ ನಿಂತ್ರೆ, ದೇವ್ರು ಸಿಟ್ಟಾದ ಹೇಳಿ ಊರೆಲ್ಲಾ ನಂಬ್ತದೆ. ಆಮೇಲೆ ಆ ಕಟ್ಟೆ ಮುಟ್ಟೂಕೆ ಯಾರೂ ಬರೂದಿಲ್ಲ. ನನ್ನ ಕಾಲು ಹಾಳಾದದ್ದು ಸಕ್ರೆಯಿಂದ, ದೇವ್ರಿಂದಲ್ಲ. ಹೋಗು."

ಅವಳು ಅತ್ತಳು. ಅತ್ತು, ಮುಖ ತೊಳೆದು, ಶನಿವಾರ ಅಕ್ಷತೆಯ ಬಟ್ಟಲು ಹಿಡಿದು ಹೋದಳು. ಓಣಿಯ ಎಲ್ಲ ಕಿಟಕಿಗಳೂ ನೋಡುತ್ತಿದ್ದವು. ನಾನು ನೋಡಿದ ಧೈರ್ಯಗಳಲ್ಲಿ ಅದಕ್ಕಿಂತ ದೊಡ್ಡದು ನನಗೆ ನೆನಪಿಲ್ಲ. ಅವಳು ದೇವರಿಲ್ಲ ಎನ್ನುವವಳಲ್ಲ. ಇದ್ದಾನೆ, ಸಿಟ್ಟಾದರೂ ಆದಾನು ಎಂದು ನಂಬಿಕೊಂಡೇ ಹೋದಳು.

ಅಣ್ಣನ ಜ್ವರ ಇಳಿಯಿತು, ಊತವೂ ಇಳಿಯಿತು. ಆಮೇಲೆ ಮಾತು ಹೇಗೆ ತಿರುಗಿತೆಂದರೆ, ಆ ವೈನಿ ದೇವರನ್ನು ಸರಿಯಾಗಿ ಕಳಿಸಿಕೊಡುತ್ತಾಳೆ ಎಂದು ಬೇರೆ ಓಣಿಯವರೂ ಫೋಟೋ ಹಿಡಿದು ಬಂದರು. ಇಲ್ಲಿ ಅತ್ತಿಗೆ ಇನ್ನೊಂದು ಜಾಣತನ ಮಾಡಿದಳು. ತಂದವರ ಕೈಯಿಂದ ಒಂದನ್ನೂ ತೆಗೆದುಕೊಳ್ಳಲಿಲ್ಲ. "ನಿಮ್ಮ ದೇವ್ರು, ನೀವೇ ಕದಲಿಸ್ಬೇಕು. ನಿಮ್ಮ ಮನೇಲೇ ಮಾಡಿ," ಎಂದು ಮಾಡುವ ಬಗೆ ಹೇಳಿಕೊಟ್ಟಳು, ಒಂದು ಮುಷ್ಟಿ ಅಕ್ಷತೆ ಕೊಟ್ಟು ಕಳಿಸಿದಳು. ಮಾಲೆ ಪ್ಲಾಸ್ಟಿಕ್ಕಿನದ್ದು ತರಬೇಡಿ, ಫೋಟೋ ತರುವುದಿದ್ದರೆ ಕಾಗದದ್ದೇ ತನ್ನಿ ಎಂದಳು. ತಮ್ಮ ಕೈಯಾರೆ ಹೋಗಿ ಬಾ ಎನ್ನಬೇಕಾದಾಗ ಕೆಲವರಿಗೆ ಬಾಯೇ ಬರಲಿಲ್ಲ. ಫೋಟೋವನ್ನು ಒರೆಸಿ ಮತ್ತೆ ಗೋಡೆಗೆ ಹಾಕಿಕೊಂಡರಂತೆ. ಕಟ್ಟೆ ಖಾಲಿಯಾಯಿತು, ಖಾಲಿಯಾಗಿಯೇ ಉಳಿಯಿತು. ದೇವರಿಲ್ಲದ ಕಡೆ ದಿಂಬು ಬರಲಿಲ್ಲ, ಚೀಲವೂ ಬರಲಿಲ್ಲ. ನನ್ನ ಬೋರ್ಡನ್ನು ಕಿತ್ತು ನಾನೇ ಒಳಗಿಟ್ಟೆ.

ಅಷ್ಟಾದರೂ ಅಣ್ಣ ಗೇಟು ದಾಟಲಿಲ್ಲ. ಕಲ್ಲುಗಳ ಸಂದಿಯಲ್ಲಿ ಹಳೆಯ ಚೂರು ಉಳಿದಿದ್ದರೆ ಎಂದು ಅವನಿಗೆ ಭಯ. ಚಪ್ಪಲಿ ಇದೆಯಲ್ಲ ಎಂದರೆ, ಮೆತ್ತನೆಯ ಅಟ್ಟೆಯನ್ನು ಗಾಜು ದಾಟುವುದಿಲ್ಲವೇ ಎನ್ನುತ್ತಿದ್ದ. ಆಗ ಅತ್ತಿಗೆ ದಿನಾ ಬೆಳಿಗ್ಗೆ ತಾನೇ ಮೊದಲು ಬರಿಗಾಲಿನಲ್ಲಿ ಆ ದಾರಿಯನ್ನು ಸುತ್ತತೊಡಗಿದಳು. ಹೆಜ್ಜೆ ಎತ್ತದೆ, ಪಾದವನ್ನು ಕಲ್ಲಿನ ಮೇಲೆ ಸವರಿಕೊಂಡು, ತಲೆ ತಗ್ಗಿಸಿ. ನೋಡಿದವರು ಏನೋ ಹರಕೆ ಎಂದುಕೊಂಡರು. ಮೊದಮೊದಲು ಚೂರು ಸಿಗುತ್ತಿತ್ತು, ಅಂಗಾಲಿನಿಂದ ಕಿತ್ತು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದಳು. ಸುತ್ತು ಮುಗಿದ ಮೇಲೆ ಗೇಟಿಗೆ ಬಂದು, "ಬನ್ನಿ, ಈಗ ಹೋಗ್ವಾ," ಎನ್ನುತ್ತಿದ್ದಳು. ಅಣ್ಣ ಅವಳ ಹಿಂದೆ ಚಪ್ಪಲಿ ಹಾಕಿಕೊಂಡು ನಡೆದ. ದಿನಾ ನಡೆದ. ಸಕ್ಕರೆ ಇಳಿಯಿತು.

ಈ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತಿಗೆ ಜ್ವರ ಬಂದು ಮಲಗಿದಳು. ಬೆಳಿಗ್ಗೆ ನಾನು ಬಸ್ಸಿಳಿದು ನೇರ ಅವರ ಮನೆಗೆ ಹೋದೆ. ಅಣ್ಣ ಜಗಲಿಯಲ್ಲಿ ಕೂತಿದ್ದ. ಇವತ್ತು ವಾಕಿಂಗ್ ಬೇಡ, ದಾರಿ ನೋಡುವವರಿಲ್ಲ ಎಂದ. ನಾನು ಹೋಗುತ್ತೇನೆ ಎಂದು ಚಪ್ಪಲಿ ಬಿಟ್ಟು ಗೇಟಿನ ತನಕ ಬಂದವಳು ಅಲ್ಲೇ ನಿಂತೆ. ಪಾರ್ಕಿನಲ್ಲಿ ಆಗಲೇ ಯಾರೋ ಸೀರೆ ತುಸು ಎತ್ತಿ ಹಿಡಿದು, ಬರಿಗಾಲಿನಲ್ಲಿ, ಒದ್ದೆ ಕಲ್ಲುಗಳ ಮೇಲೆ ಪಾದ ಸವರುತ್ತ, ತಲೆ ತಗ್ಗಿಸಿ ಮರವನ್ನು ಸುತ್ತುತ್ತಿದ್ದರು. ಸುತ್ತು ಪೂರ್ತಿ ಮುಗಿಸಿ ಆಕೆ ತಲೆಯೆತ್ತಿದಾಗ ನೋಡಿದೆ, ಪಕ್ಕದ ಮನೆಯವಳು.

ಅವಳು ನನ್ನನ್ನು ನೋಡಲಿಲ್ಲ. ಜಗಲಿಯ ಕಡೆಗೆ ಕೈಬೀಸಿ ಗಟ್ಟಿಯಾಗಿ ಕೂಗಿದಳು: "ದಾದಾ, ಬನ್ನಿ. ಏನೂ ಇಲ್ಲ, ನಾನು ನೋಡಿದ್ದೇನೆ."