'ಲಿಫ್ಟ್ ಕೆಟ್ಟಿದೆ' ತಂಡದ ಅತ್ತಿಗೆ

ಬೆಳಗಿನ ಐದೂವರೆ. ಹಾಸಿಗೆ ಅಂಗಡಿಯ ಹಿಂದೆ ಬ್ಯಾಂಡ್ ಅಭ್ಯಾಸ ಮಾಡುವ ಶೆಡ್ಡಿನ ಬಾಗಿಲನ್ನು ಭುಜದಿಂದ ನೂಕಿ ಒಳಬಂದ ಅತ್ತಿಗೆ ಮೊದಲು ಲೈಟು ಹಾಕುವುದಿಲ್ಲ, ಕಾರ್ಪೆಟ್ಟು ಹಾಸುತ್ತಾರೆ. ಕತ್ತಲಲ್ಲೂ ಅದರ ಉದ್ದಗಲ ಅವರ ಕೈಗೆ ಗೊತ್ತು. ಆಮೇಲೆ ಸ್ವಿಚ್ಚು ಒತ್ತಿ, ಮಂಡಿಯೂರಿ, ಕಾರ್ಪೆಟ್ಟಿಗೆ ಅಂಟಿಸಿದ ಬಣ್ಣದ ಟೇಪಿನ ತುಂಡುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತಾರೆ. ಡ್ರಮ್ಮುಗಳ ಕಾಲು ಎಲ್ಲೆಲ್ಲಿ ಊರಬೇಕು ಎಂಬ ಗುರುತುಗಳಿವು. ಬಿಳಿ ಮೊದಲನೇ ಡ್ರಮ್ಮರ್‌ನದು, ಹಳದಿ ಎರಡನೆಯವನದು, ಹೀಗೆ ಬಂದುಹೋದ ಐವರಿಗೆ ಐದು ಬಣ್ಣ. ಆರನೆಯದಾದ ಹಸಿರು ಟೇಪಿನ ಸುರುಳಿ ಇನ್ನೂ ಮಣಿಕಟ್ಟಿನಲ್ಲೇ ಇದೆ. "ಇದನ್ನ ಅಂಟಿಸ್ತೀನೋ ಇಲ್ವೋ, ಹತ್ತು ಗಂಟೆಗೆ ಗೊತ್ತಾಗುತ್ತೆ," ಎಂದು ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಇಪ್ಪತ್ತೇಳು ವರ್ಷದ ಹಿಂದೆ ನಾಲ್ವರು ಹುಡುಗರು ಒಂದು ಹಳೇ ಕಟ್ಟಡದ ಐದನೇ ಮಹಡಿಯಲ್ಲಿ ರಾಕ್ ಬ್ಯಾಂಡ್ ಕಟ್ಟಿದರು. ಕೆಳಗೆ ಸದಾ ತೂಗುತ್ತಿದ್ದ ಬೋರ್ಡೇ ಬ್ಯಾಂಡಿನ ಹೆಸರಾಯಿತು: 'ಲಿಫ್ಟ್ ಕೆಟ್ಟಿದೆ'. ಹೆಸರಿಟ್ಟವರು ಹುಡುಗರು, ಸ್ಪೀಕರ್ ಹೊತ್ತು ಮೆಟ್ಟಿಲು ಹತ್ತಿದವರು ಅತ್ತಿಗೆ. ಗಿಟಾರಿನವನು ಅವರ ಮೈದುನ, ಮನೆಯಲ್ಲಿದ್ದ ವ್ಯಾನು ಓಡಿಸಲು ಬರುತ್ತಿದ್ದುದು ಇವರೊಬ್ಬರಿಗೇ. "ಒಂದೇ ವಾರ ಬನ್ನಿ ಅತ್ತಿಗೆ ಅಂದಿದ್ದ. ಏಳನೇ ವರ್ಷ ಅವನೇ ಬಿಟ್ಟು ಗಣಿತದ ಮೇಷ್ಟ್ರಾದ. ನಾನು ಬಿಡೋದನ್ನೇ ಮರೆತೆ," ಎಂದು ನಗುತ್ತಾರೆ.

ಮೈದುನ ಹೋದರೂ ಹೆಸರು ಉಳಿಯಿತು. ಬಂದವರಿಗೆಲ್ಲ ಅವರು ಅತ್ತಿಗೆಯೇ. ಇವರಿಗೀಗ ಅರವತ್ತೊಂದು, ಇಪ್ಪತ್ತೆರಡರ ಹೊಸ ಡ್ರಮ್ಮರ್ ಹುಡುಗಿಗೂ ಅತ್ತಿಗೆ. ಅವಳು ಈ ಬ್ಯಾಂಡಿನ ಹದಿನೇಳನೆಯವಳು. ಒಬ್ಬ ಹಾಡುಗಾರನಿಗೆ ಗಂಟಲು ಕೈಕೊಟ್ಟಿತು, ಒಬ್ಬ ಗಿಟಾರಿನವನು ಹಡಗಿನ ಕೆಲಸ ಹಿಡಿದ, ಇನ್ನಿಬ್ಬರು ಮಾತು ಬಿಟ್ಟು ಒಂದೇ ದಿನ ಬೇರೆ ಬೇರೆ ಬಾಗಿಲಿಂದ ಹೊರಟರು. ಮೂಲದ ನಾಲ್ವರಲ್ಲಿ ಕೊನೆಗೆ ಉಳಿದವನೂ ಹೋದ ವರ್ಷ ಕೈಮುಗಿದ. ಪ್ರತಿ ಕಾರ್ಯಕ್ರಮಕ್ಕೂ ಇಪ್ಪತ್ಮೂರು ಸಾಮಾನು ಇಳಿಸಿ ಏರಿಸುವ ಅತ್ತಿಗೆ ಮಾತ್ರ ಜಪ್ಪಯ್ಯ ಎಂದರೂ ಜಾಗ ಬಿಟ್ಟಿಲ್ಲ. ದೊಡ್ಡ ಸ್ಪೀಕರ್ ಒಂದೇ ಮೂವತ್ತೆಂಟು ಕಿಲೋ. ಮಂಡಿ ಎರಡೂ ಸವೆದಿವೆ.

ಈ ಭಾನುವಾರ ಊರಿನ ದೊಡ್ಡ ಸಭಾಂಗಣದಲ್ಲಿ ಕಾರ್ಯಕ್ರಮ. ಒಂಬತ್ತು ದಿನದ ಹಿಂದೆ ಐದನೇ ಡ್ರಮ್ಮರ್ ಬೇರೆ ಊರಿಗೆ ವರ್ಗವಾಗಿ ಹೊರಟ. ಸುದ್ದಿ ಕೇಳಿದ ಸಭಾಂಗಣದ ಮ್ಯಾನೇಜರ್ ತಕರಾರು ತೆಗೆದರು. ಮೊದಲಿನವರು ಒಬ್ಬರೂ ಇಲ್ಲ ಅಂದಮೇಲೆ ಇದು ಆ ಬ್ಯಾಂಡ್ ಹೇಗಾದೀತು? ಪೋಸ್ಟರಿನಲ್ಲಿ 'ಹಳೆಯ ಹಾಡುಗಳ ಸಂಜೆ' ಎಂದಷ್ಟೇ ಹಾಕುತ್ತೇನೆ ಎಂದರು. ಬ್ಯಾಂಡಿನವರು ತಲೆ ಮೇಲೆ ಕೈ ಹೊತ್ತು ಕೂತರು. ಅತ್ತಿಗೆ ನೇರ ಮ್ಯಾನೇಜರರ ಆಫೀಸಿಗೇ ಹೋದರು. "ಬಂದು ಕೇಳಿ. ಕಣ್ಮುಚ್ಚಿ ಕೇಳಿ. ಬೇರೆ ಬ್ಯಾಂಡ್ ಅನ್ನಿಸಿದ್ರೆ ಹೆಸರು ನಾನೇ ಅಳಿಸ್ತೀನಿ."

ಕಷ್ಟ ಇದ್ದದ್ದು ಕೊನೆಯ ಹಾಡಿನಲ್ಲಿ. ಮೊಟ್ಟಮೊದಲ ಕಾರ್ಯಕ್ರಮದ ದಿನ ಆ ಹಾಡಿನ ನಡುವೆ ಡ್ರಮ್ಮರ್‌ನ ಕೈಯಿಂದ ಕೋಲು ಜಾರಿ ಬಿತ್ತು. ಇನ್ನೊಂದನ್ನು ಎತ್ತಿಕೊಳ್ಳುವಷ್ಟರಲ್ಲಿ ಒಂದು ಏಟು ತಡವಾಯಿತು, ಉಳಿದ ಮೂವರೂ ಕಾದರು. ಬೇಕೆಂದೇ ಮಾಡಿದ್ದು ಎಂದುಕೊಂಡ ಜನ ಸೀಟಿ ಹೊಡೆದರು. ಅಂದಿನಿಂದ ಬಂದ ಡ್ರಮ್ಮರ್‌ಗಳೆಲ್ಲ ಆ ತಪ್ಪನ್ನು ತಪ್ಪದೆ ಕಲಿತಿದ್ದಾರೆ. ಆದರೆ ರೆಕಾರ್ಡಿಂಗ್ ಮಾಡಿದವರು ಅದನ್ನು ನೀಟಾಗಿ ಸರಿಪಡಿಸಿಬಿಟ್ಟಿದ್ದರು. ಹೊಸ ಹುಡುಗಿ ಕಲಿತು ಬಂದದ್ದು ಆ ರೆಕಾರ್ಡಿಂಗ್ ಕೇಳಿ.

ಅತ್ತಿಗೆಗೆ ಸಂಗೀತದ ಗಂಧಗಾಳಿ ಇಲ್ಲ, ಅದನ್ನು ಅವರೇ ಹೇಳುತ್ತಾರೆ. ಆದರೂ ಒಂಬತ್ತು ದಿನ ಸಾಮಾನಿನ ಪೆಟ್ಟಿಗೆಯ ಮುಚ್ಚಳ ತಟ್ಟಿ ತಟ್ಟಿ ಹೇಳಿಕೊಟ್ಟಿದ್ದಾರೆ. "ನೂರು ಸಲ ಸರಿಯಾಗೇ ಬಾರಿಸಿದ್ಲು. ಸರಿಯಾಗಿ ಬಾರಿಸಿದ್ರೆ ಹಾಡು ಕೆಟ್ಟೋಗುತ್ತೆ ಅಂದ್ರೆ ಪಾಪ, ಯಾರು ತಾನೇ ನಂಬ್ತಾರೆ!"

ಹತ್ತು ಗಂಟೆಗೆ ಮ್ಯಾನೇಜರ್ ಬರುತ್ತಾರೆ. ಆ ಮೊದಲ ಕಾರ್ಯಕ್ರಮದಲ್ಲಿ ಸೀಟಿ ಹೊಡೆದ ಕಾಲೇಜು ಹುಡುಗರಲ್ಲಿ ಇವರೂ ಒಬ್ಬರಂತೆ. ಗೋಡೆಯ ಕಡೆ ಮುಖ ಮಾಡಿ ಕೂರುತ್ತಾರೆ. ಕೊನೆಯ ಹಾಡು ಶುರುವಾಗುತ್ತದೆ. ಅತ್ತಿಗೆ ಬಾಗಿಲಲ್ಲಿ ನಿಂತಿದ್ದಾರೆ. ಮ್ಯಾನೇಜರರ ಬಲಗಾಲು ತಾಳ ಹಾಕುತ್ತಿದೆ. ಆ ಜಾಗ ಬರುತ್ತದೆ. ಹುಡುಗಿಯ ಕೋಲು ಮೇಲೇ ನಿಲ್ಲುತ್ತದೆ, ಮ್ಯಾನೇಜರರ ಕಾಲೂ ಎತ್ತಿದಲ್ಲೇ ಕಾಯುತ್ತದೆ. ಎರಡೂ ಒಟ್ಟಿಗೇ ಕೆಳಗಿಳಿಯುತ್ತವೆ.

ಹಾಡು ಮುಗಿದ ಮೇಲೆ ಮ್ಯಾನೇಜರ್ ಈ ಕಡೆ ತಿರುಗುತ್ತಾರೆ. ಎದ್ದವರು ಕಣ್ಣೊರೆಸಿಕೊಂಡು, "ಪೋಸ್ಟರ್‌ನಲ್ಲಿ ಹೆಸರು ದೊಡ್ಡದಾಗೇ ಹಾಕಿಸ್ತೀನಿ ಅತ್ತಿಗೆ," ಅನ್ನುತ್ತಾರೆ. ಅವರ ಬಾಯಲ್ಲೂ ಅತ್ತಿಗೆ!

ಎಲ್ಲರೂ ಕೇಕೆ ಹಾಕುತ್ತಿರುವಾಗ ಅತ್ತಿಗೆ ಕೆಲಸಕ್ಕೆ ಕೂತಾಗಿದೆ. ಹಸಿರು ಟೇಪನ್ನು ಹಲ್ಲಿನಿಂದ ಹರಿದು ಡ್ರಮ್ಮಿನ ಒಂದೊಂದೇ ಕಾಲಿನ ಪಕ್ಕ ಅಂಟಿಸುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ದೊಡ್ಡ ಸ್ಪೀಕರ್‌ಗೆ ನಾಲ್ಕು ಚಕ್ರ ಹಾಕಿಸ್ಬೇಕು," ಅನ್ನುತ್ತಾರೆ ತಲೆ ಎತ್ತದೆ. "ಏಳನೇ ಡ್ರಮ್ಮರ್ ಬರೋವರೆಗೂ ಈ ಮಂಡಿ ತಡೀಬೇಕಲ್ಲ."

"ಅತ್ತಿಗೆ! ನಾನು ಬಂದು ಇನ್ನೂ ಹತ್ತು ದಿನ ಆಗಿಲ್ಲ!" ಎಂದು ಹುಡುಗಿ ಕೂಗುತ್ತಾಳೆ.

ಅತ್ತಿಗೆ ಕೊನೆಯ ತುಂಡನ್ನು ಹೆಬ್ಬೆರಳಿನಿಂದ ಉಜ್ಜಿ ಕೂರಿಸುತ್ತಾರೆ. "ಗೊತ್ತಮ್ಮ. ಅದಕ್ಕೇ ನಿಂಗೆ ಗಟ್ಟಿ ಟೇಪೇ ತಂದಿದೀನಿ. ಇದು ಬೇಗ ಕಿತ್ತು ಬರಲ್ಲ."